ಪದವಿ ಆಯ್ಕೆ: ಸ್ನಾತಕೋತ್ತರದ ಅರ್ಹತೆ ಮೊದಲೇ ತಿಳಿದಿರಲಿ

ದ್ವಿತೀಯ ಪಿಯುಸಿ ನಂತರ ಪದವಿಗೆ ಆರಿಸಿಕೊಳ್ಳುವ ವಿಷಯಗಳೇ ಮುಂದೆ ಸ್ನಾತಕೋತ್ತರ ಪ್ರವೇಶದ ಅರ್ಹತೆಯನ್ನೂ ನಿರ್ಧರಿಸುತ್ತವೆ.

ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದಿದ್ದ ನಾಲ್ಕು ವರ್ಷಗಳ ಆನರ್ಸ್ ವ್ಯವಸ್ಥೆಯನ್ನು ಸರ್ಕಾರ 2024-25ರಲ್ಲಿ ಕೈಬಿಟ್ಟು, ಸಾಮಾನ್ಯ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ನಿಗದಿಪಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತಹ ಕಡೆ ನಾಲ್ಕು ವರ್ಷಗಳ ಪದವಿ ಇದೆ.

ಯುಜಿಸಿ ಚೌಕಟ್ಟಿನಂತೆ ಮೂರು ವರ್ಷದ ಪದವೀಧರರಿಗೆ ಸ್ನಾತಕೋತ್ತರ ವ್ಯಾಸಂಗ ಎರಡು ವರ್ಷ, ನಾಲ್ಕು ವರ್ಷ ಓದಿದವರಿಗೆ ಒಂದು ವರ್ಷ. ಎರಡೂ ಹಾದಿಗಳಲ್ಲಿ ಒಟ್ಟು ಅವಧಿ ಐದು ವರ್ಷವೇ.

ವ್ಯತ್ಯಾಸ ಕಾಣುವುದು ಸಂಶೋಧನೆಗೆ ಹೊರಟಾಗ. 2022ರ ನಿಯಮಾವಳಿಯ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಗಳಿಸಿದವರು ನೇರವಾಗಿ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು. ಮೂರು ವರ್ಷದ ಪದವೀಧರರು ಮೊದಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಪಡೆಯಬೇಕು. ಮೀಸಲು ವರ್ಗಗಳಿಗೆ ಶೇ 5ರ ರಿಯಾಯಿತಿ ಉಂಟು.

ವಿಷಯ ಸಂಯೋಜನೆಯೂ ಅಷ್ಟೇ ಮುಖ್ಯ. ಬಿ.ಎಸ್ಸಿ.ಯಲ್ಲಿ ಗಣಿತ ಓದದವರಿಗೆ ಎಂ.ಎಸ್ಸಿ. ಗಣಿತದ ಬಾಗಿಲು ಸಾಮಾನ್ಯವಾಗಿ ತೆರೆಯದು. ಭೌತಶಾಸ್ತ್ರಕ್ಕೂ ಅನೇಕ ವಿಶ್ವವಿದ್ಯಾಲಯಗಳು ಗಣಿತ ಕೇಳುತ್ತವೆ. ಪದವಿ ಮುಗಿದ ಮೇಲೆ ಬಿಟ್ಟ ವಿಷಯವನ್ನು ಸೇರಿಸಿಕೊಳ್ಳುವುದು ಸುಲಭವಲ್ಲ. ಆದ್ದರಿಂದ ಕಾಲೇಜಿನ ಅರ್ಜಿ ತುಂಬುವ ಮೊದಲೇ, ಮುಂದೆ ಸೇರಬಯಸುವ ಸ್ನಾತಕೋತ್ತರ ವಿಭಾಗದ ಪ್ರವೇಶ ಪ್ರಕಟಣೆಯನ್ನು ಓದಿಕೊಳ್ಳುವುದು ಒಳಿತು.