ಸನಾದ ಗದ್ದಲ, ದುಮ್ಮವಾಡದ ಪಾಳಿ

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಕಡೆ ರೈತರ ಬಾಯಲ್ಲಿ ಒಂದೇ ಪ್ರಶ್ನೆ: ‘ಡಿಎಪಿ ಬಂದೈತೇನ್ರೀ?’ ಯೂರಿಯಾ ಆದರೆ ಮೇಲುಗೊಬ್ಬರ, ನಾಲ್ಕು ದಿನ ತಡವಾದರೂ ನಡೆದೀತು. ಡಿಎಪಿಯಲ್ಲಿರುವ ರಂಜಕ ಹಾಗಲ್ಲ. ಮಣ್ಣಿನಲ್ಲಿ ಬಿದ್ದ ಜಾಗ ಬಿಟ್ಟು ಅದು ಹೆಚ್ಚು ಸರಿಯುವುದಿಲ್ಲ. ಗೋವಿನಜೋಳ, ಸೋಯಾದ ಎಳೆಬೇರಿಗೆ ಎಟುಕಬೇಕಾದರೆ ಬಿತ್ತುವಾಗಲೇ ಬೀಳಬೇಕು. ಅದಕ್ಕೇ ಗೊಬ್ಬರದಂಗಡಿ ಮುಂದೆ ನಸುಕಿಗೇ ಪಾಳಿ. ಹೆಬ್ಬೆಟ್ಟು ಒತ್ತಿದ ಮೇಲೆ ಯಂತ್ರದಿಂದ ಚೀಟಿ ಬರುತ್ತದೆ. ‘ಡಿಎಪಿ ಬೇಕಂದ್ರ ಈ ನ್ಯಾನೊ ಗೊಬ್ಬರದ ಬಾಟ್ಲಿನೂ ತಗೋರಿ’ ಎಂಬ ಮಾತೂ ಕೆಲವು ಕಡೆ ಜೊತೆಗೇ ಬರುತ್ತದೆ.

ಪಾಳಿಯಲ್ಲಿ ನಿಂತವರ ಬೈಗುಳವೆಲ್ಲ ಅಂಗಡಿಯವನಿಗೆ, ಇಲಾಖೆಗೆ. ಎಷ್ಟೋ ಸಲ ಅದು ನ್ಯಾಯವೇ. ಆದರೆ ಅದರಲ್ಲೊಂದು ಪಾಲು ಅರಬ್ ರಾಜಧಾನಿಗಳಿಗೂ ಸಲ್ಲಬೇಕು.

ಚೀಲದ ಮೇಲಿನ 18:46ರಲ್ಲಿ ಎರಡನೆಯ ಅಂಕಿ ರಂಜಕದ್ದು. ರಂಜಕದ ಶಿಲೆ ರಾಜಸ್ಥಾನದಲ್ಲಿ ಅಷ್ಟಿಷ್ಟು ಸಿಗುತ್ತದೆ. ಉಳಿದಂತೆ ಶಿಲೆ, ಆಮ್ಲ, ಸಿದ್ಧ ಗೊಬ್ಬರ ಹೆಚ್ಚಾಗಿ ಹಡಗಿನಲ್ಲೇ ಬರಬೇಕು; ಬರುವುದು ಬಹುಪಾಲು ಮೊರಾಕ್ಕೊ, ಜೋರ್ಡಾನ್, ಸೌದಿಯಂಥ ದೇಶಗಳಿಂದ. ಈ ಅವಲಂಬನೆ ದಿಲ್ಲಿಯ ನಡೆಯನ್ನೂ ತಿದ್ದಿದೆ ಎನಿಸುತ್ತದೆ. ಮೊರಾಕ್ಕೊ ತನ್ನದೆನ್ನುವ ಪಶ್ಚಿಮ ಸಹಾರಾದ ಸಹ್ರಾವಿ ಗಣರಾಜ್ಯಕ್ಕೆ 1985ರಲ್ಲಿ ಕೊಟ್ಟಿದ್ದ ಮಾನ್ಯತೆಯನ್ನು ಭಾರತ 2000ದಲ್ಲಿ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಮೊರಾಕ್ಕೊದ ಜೋರ್ಫ್ ಲಸ್ಫರ್‌ನಲ್ಲಿ ಭಾರತದ ಪಾಲುದಾರಿಕೆಯ ರಂಜಕಾಮ್ಲ ಕಾರ್ಖಾನೆ ನಡೆಯುತ್ತಿತ್ತು. ಗೊಬ್ಬರಕ್ಕಾಗಿಯೇ ಮಾನ್ಯತೆ ಹೋಯಿತೆಂದು ಯಾರೂ ಬರೆದುಕೊಟ್ಟಿಲ್ಲ, ಬರೆದುಕೊಡುವುದೂ ಇಲ್ಲ.

2010ರ ಡಿಸೆಂಬರ್ 17ರಂದು ರಂಜಕದ ಇನ್ನೊಂದು ನಾಡಾದ ಟ್ಯುನೀಷಿಯಾದ ಸೀದಿ ಬೂಜಿದ್‌ನಲ್ಲಿ ತಳ್ಳುಗಾಡಿ ವ್ಯಾಪಾರಿ ಮೊಹಮ್ಮದ್ ಬೂಅಜೀಜಿ ಮೈಗೆ ಬೆಂಕಿ ಹಚ್ಚಿಕೊಂಡ. ತಿಂಗಳೊಳಗೆ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. ಸರ್ವಾಧಿಕಾರಿ ಹೋದರೂ ನೌಕರಿ ಬರಲಿಲ್ಲ. ಗಫ್ಸಾದ ರಂಜಕ ಗಣಿ ಸೀಮೆಯ ನಿರುದ್ಯೋಗಿಗಳು ರೈಲು ಹಳಿಯ ಮೇಲೆ ಕೂತರು. 2010ರಲ್ಲಿ ಸುಮಾರು 80 ಲಕ್ಷ ಟನ್ ಇದ್ದ ಉತ್ಪಾದನೆ ಮರುವರ್ಷ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ದೇಶದ ಸ್ಖಿರಾದಲ್ಲಿ ಆಮ್ಲದ ಕಾರ್ಖಾನೆಗೆಂದು ಭಾರತದ ಎರಡು ಕಂಪನಿಗಳು ಹಣ ಹೂಡಿದ್ದವು. ಟ್ಯುನೀಷಿಯಾದಿಂದ ಅರಬ್ ದೇಶಗಳಿಗೆ ಹಬ್ಬಿದ ಬಂಡಾಯದಲ್ಲೂ ದೊರೆ ಉಳಿದುಕೊಂಡ ಜೋರ್ಡಾನ್ ಜೊತೆ ನಂಟು ಗಟ್ಟಿಯಾಯಿತು: 2015ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅಲ್ಲಿಗೆ ಹೋದಾಗ ಭಾರತದ ಸಹಕಾರಿ ಸಂಸ್ಥೆ ಇಫ್ಕೋ ಪಾಲಿನ ರಂಜಕಾಮ್ಲ ಕಾರ್ಖಾನೆ ಉದ್ಘಾಟನೆಯಾಯಿತು.

ದುಮ್ಮವಾಡದಂಥ ಊರುಗಳಿಗೆ ನೇರವಾಗಿ ತಟ್ಟಿದ್ದು ಯೆಮೆನ್. ಅದೇ ಅಲೆಯ 2011ರ ಚಳವಳಿ ಅಲ್ಲಿ ಅಧ್ಯಕ್ಷ ಸಾಲೇಹ್‌ನನ್ನು ಇಳಿಸಿತು. ಖಾಲಿ ಬಿದ್ದ ಜಾಗಕ್ಕೆ ಹೌತಿ ಬಂಡುಕೋರರು ನುಗ್ಗಿ 2014ರಲ್ಲಿ ರಾಜಧಾನಿ ಸನಾ ಹಿಡಿದರು. ಮುಂದಿನ ವರ್ಷ ಸೌದಿ ಬಾಂಬು ಸುರಿಸತೊಡಗಿದಾಗ ‘ಆಪರೇಷನ್ ರಾಹತ್’ ನಡೆಸಿ 4,600ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದೆವು, ಆಮೇಲೆ ಯೆಮೆನ್ ಮರೆತೇಹೋಯಿತು. ಗಾಜಾ ಯುದ್ಧದ ನೆಪದಲ್ಲಿ 2023ರ ನವೆಂಬರಿನಿಂದ ಹೌತಿಗಳು ಕೆಂಪು ಸಮುದ್ರದ ಹಡಗುಗಳ ಮೇಲೆ ಬಿದ್ದಾಗಲೇ ನೆನಪಾದದ್ದು. ಡಿಎಪಿ ಹಡಗುಗಳು ಆಫ್ರಿಕಾದ ತುದಿ ಸುತ್ತಿ 6,500 ಕಿ.ಮೀ. ಹೆಚ್ಚು ದೂರ ಬರುವಂತಾಗಿದೆ ಎಂದು 2024ರ ಹಿಂಗಾರಿಯಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಚೀಲಕ್ಕೆ 1,350 ರೂಪಾಯಿ ಎಂಬ ದರ ಸಬ್ಸಿಡಿಯ ಬಲದಿಂದ ಕದಲಲಿಲ್ಲ. ಚೀಲ ಮಾತ್ರ ಸಿಗಲಿಲ್ಲ. ಚೀನಾ ರಫ್ತಿಗೆ ಕಡಿವಾಣ ಹಾಕಿದ್ದೂ ಇದಕ್ಕೆ ಕೂಡಿತು.

2025ರ ಜುಲೈನಲ್ಲಿ ಕೇಂದ್ರ ಸಚಿವ ಜೆ.ಪಿ. ನಡ್ಡಾ ಸೌದಿಗೆ ಹೋದರು. ಅಲ್ಲಿನ ಮಾಡೆನ್ ಕಂಪನಿ ಐದು ವರ್ಷ, ವರ್ಷಕ್ಕೆ 31 ಲಕ್ಷ ಟನ್ ಡಿಎಪಿ ಕೊಡುವ ಒಪ್ಪಂದವಾಯಿತು. ಅದರ ಕಾರ್ಖಾನೆ ಇರುವುದು ಕೊಲ್ಲಿ ತೀರದ ರಾಸ್ ಅಲ್ ಖೈರ್‌ನಲ್ಲಿ. ಅಲ್ಲಿಂದ ಹೊರಟ ಹಡಗಿಗೆ ಕೆಂಪು ಸಮುದ್ರದ ಗೊಡವೆ ಇಲ್ಲ. ಹಾರ್ಮುಜ್ ಜಲಸಂಧಿ ದಾಟಿದರಾಯಿತು. ಅದರ ಒಂದು ದಂಡೆ ಇರಾನಿನದು.