ಸ್ಟ್ಯಾಕ್‌ಗೆ ಎಷ್ಟು ಜಾಗ ಬಿಡಬೇಕು?

ಮಸಗುಪ್ಪಿಯೂ ಸೇರಿದಂತೆ ಬೆಳಗಾವಿ ಜಿಲ್ಲೆಯ ಗೋಕಾಕ–ಮೂಡಲಗಿ ಸೀಮೆ ಕಬ್ಬಿನ ಸೀಮೆ. ಇಂಥ ಕಡೆ ಪಂಪ್‌ಸೆಟ್‌ ಚಾಲೂ ಮಾಡಲು ರಾತ್ರಿ ಹೊಲಕ್ಕೆ ಓಡುವುದನ್ನು ತಪ್ಪಿಸಿದ್ದು ಮೊಬೈಲ್ ಸ್ಟಾರ್ಟರ್. ಫೋನ್ ಕರೆ ಬಂದರೆ ಸಾಕು, ಡಬ್ಬಿಯೊಳಗಿನ ಪುಟ್ಟ ಚಿಪ್ ಕರೆಂಟ್ ಇದೆಯೇ ನೋಡಿ ಮೋಟರ್ ಓಡಿಸುತ್ತದೆ. ಇಂಥ ಚಿಪ್‌ಗೆ ಪ್ರೋಗ್ರಾಂ ಬರೆಯುವವರು ಮೊದಲೇ ತೀರ್ಮಾನಿಸಬೇಕಾದ ಸಂಗತಿಯೊಂದಿದೆ: ಸ್ಟ್ಯಾಕ್‌ಗೆ ಎಷ್ಟು ಮೆಮೊರಿ?

ಪ್ರೋಗ್ರಾಂ ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ, ಎಲ್ಲಿಗೆ ಮರಳಬೇಕೆಂಬ ಗುರುತನ್ನು ಸ್ಟ್ಯಾಕ್‌ನಲ್ಲಿ ಇಟ್ಟು ಹೋಗುತ್ತದೆ. ಬುಟ್ಟಿಯಲ್ಲಿ ಪೇರಿಸಿದ ರೊಟ್ಟಿಯಂತೆ ಕೊನೆಗೆ ಇಟ್ಟದ್ದು ಮೊದಲು ಹೊರಬರುತ್ತದೆ.

ಯಾರೂ ಏನೂ ಹೇಳದಿದ್ದರೆ, ಅಂದರೆ ಡಿಫಾಲ್ಟ್ ಆಗಿ, ಲಿನಕ್ಸ್ ಸಾಮಾನ್ಯವಾಗಿ 8 ಎಂಬಿ ಬಿಡುತ್ತದೆ, ವಿಂಡೋಸ್ 1 ಎಂಬಿ. ಆಲ್ಪೈನ್ ಲಿನಕ್ಸ್ ಬಳಸುವ ಮಸಲ್ ಲೈಬ್ರರಿ ಪ್ರತಿ ಹೊಸ ಥ್ರೆಡ್‌ಗೆ (ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ, ತನ್ನದೇ ಸ್ಟ್ಯಾಕ್ ಇರುವ ಕೆಲಸದ ಎಳೆಗೆ) ಕೊಡುವುದು 128 ಕೆಬಿ ಮಾತ್ರ. ಬೇರೆ ಲಿನಕ್ಸ್‌ನಲ್ಲಿ ಸಲೀಸಾಗಿ ಓಡುತ್ತಿದ್ದ ಪ್ರೋಗ್ರಾಂ ಆಲ್ಪೈನ್‌ಗೆ ಬಂದೊಡನೆ ಕುಸಿಯಲು ಇದೂ ಒಂದು ಕಾರಣ.

ಹಾಗೆಂದು ಎಲ್ಲಕ್ಕೂ 8 ಎಂಬಿ ಕೊಡಲಾಗದು. 32 ಬಿಟ್ ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂಗೆ ಸಿಗುವ ವಿಳಾಸಗಳು ಸುಮಾರು 3 ಜಿಬಿಯಷ್ಟು. 384 ಥ್ರೆಡ್‌ಗಳಿಗೇ ಅದು ಮುಗಿಯುತ್ತದೆ. 64 ಬಿಟ್ ಯಂತ್ರದಲ್ಲಿ ವಿಳಾಸಗಳು ಧಾರಾಳವಾಗಿರುವುದರಿಂದ ಈ ಇಕ್ಕಟ್ಟಿಲ್ಲ. ಹೇಗೂ ಮೊದಲು ಕಾಯ್ದಿರಿಸುವುದು ವಿಳಾಸಗಳನ್ನಷ್ಟೇ, ನಿಜವಾದ ಮೆಮೊರಿ ಬಳಸಿದಂತೆಲ್ಲ ಸಿಗುತ್ತದೆ. ಗೋ ಭಾಷೆಯದು ಬೇರೆ ದಾರಿ: ಗೋರೊಟೀನ್ ಎಂಬ ತನ್ನ ಹಗುರ ಥ್ರೆಡ್‌ಗೆ ಸಾಮಾನ್ಯವಾಗಿ 2 ಕೆಬಿಯಿಂದ ಶುರುಮಾಡಿ, ಬೇಕಾದಂತೆ ಬೆಳೆಸುತ್ತದೆ.

ಚಿಕ್ಕ ಚಿಪ್‌ಗಳಿಗೆ ಈ ಸೌಲಭ್ಯವಿಲ್ಲ. ಆರ್ಡುಯಿನೊ ಊನೊ ಆರ್3ರ ಚಿಪ್‌ನಲ್ಲಿ ರ‍್ಯಾಮ್ ಇರುವುದೇ 2 ಕೆಬಿ. ಸ್ಟ್ಯಾಕ್ ಮಿತಿ ಮೀರಿದರೆ ತಡೆಯುವವರಿಲ್ಲ; ಪಕ್ಕದ ಮಾಹಿತಿಯ ಮೇಲೆ ಸದ್ದಿಲ್ಲದೆ ಬರೆದುಬಿಡುತ್ತದೆ.

ಅಂದಾಜು ಎಷ್ಟು ತಪ್ಪಬಹುದು ಎಂಬುದಕ್ಕೆ ಅಮೆರಿಕದ ಒಕ್ಲಹೋಮದಲ್ಲಿ ಕಾರು ತಾನಾಗಿಯೇ ವೇಗ ಹೆಚ್ಚಿಸಿಕೊಂಡಿತೆಂಬ ಆರೋಪದ ಮೇಲೆ 2013ರಲ್ಲಿ ನಡೆದ ಟೊಯೊಟಾ ಮೊಕದ್ದಮೆ ನೋಡಬೇಕು. ಕಾರಿನ ಎಂಜಿನ್ ನಿಯಂತ್ರಕದಲ್ಲಿ ಸ್ಟ್ಯಾಕ್ ಬಳಕೆ ಶೇ 41 ಎಂದು ಕಂಪನಿ ಲೆಕ್ಕ ಹಾಕಿತ್ತು. ರಿಕರ್ಷನ್ (ಫಂಕ್ಷನ್ ತನ್ನನ್ನೇ ತಾನು ಕರೆಯುವುದು) ಬಿಟ್ಟೇ ಅದು ಶೇ 94 ಎಂದು ವಾದಿಗಳ ಪರ ತಜ್ಞ ಮೈಕೆಲ್ ಬಾರ್ ಸಾಕ್ಷ್ಯ ನುಡಿದರು.

ಅಳೆಯುವುದು ಕಷ್ಟವೇನಲ್ಲ. ಚಿಕ್ಕ ಚಿಪ್‌ಗಳ ಆಪರೇಟಿಂಗ್ ಸಿಸ್ಟಂ ಆದ ಫ್ರೀಆರ್‌ಟಿಒಎಸ್ ಸ್ಟ್ಯಾಕ್‌ನ ಪ್ರತಿ ಬೈಟ್‌ನಲ್ಲೂ ಮೊದಲೇ ಒಂದು ಗೊತ್ತಾದ ಸಂಖ್ಯೆ ತುಂಬಿಡಬಲ್ಲದು. ಕರೆ ಬರುತ್ತಿರುವಾಗಲೇ ಕರೆಂಟ್ ಹೋಗುವಂಥ ಕೆಟ್ಟ ಸಂದರ್ಭಗಳಲ್ಲೂ ಡಬ್ಬಿಯನ್ನು ಓಡಿಸಿ, ಎಷ್ಟು ಬೈಟ್ ಅಳಿಯದೆ ಉಳಿದಿವೆ ಎಂದು ಎಣಿಸಿ, ಬಳಕೆಯಾದದ್ದು ಎಷ್ಟೆಂದು ಲೆಕ್ಕ ಹಾಕಬೇಕು. ಆ ಬಳಕೆಯ ಮೇಲೆ ಒಂದಿಷ್ಟು ಜಾಗ ಹೆಚ್ಚಿಗೆ ಸೇರಿಸಿದರೆ ಒಳ್ಳೆಯ ಡಿಫಾಲ್ಟ್ ಸಿಗುತ್ತದೆ. ಆ ಡಿಫಾಲ್ಟ್ ಹೇಗೆ ಬಂತೆಂದು ಕೋಡ್‌ನಲ್ಲೇ ಬರೆದಿಟ್ಟರೆ, ಮುಂದೆ ಹೊಸ ಲೈಬ್ರರಿ ಸೇರಿಸುವವರಿಗೆ ಮತ್ತೆ ಯಾವುದನ್ನು ಅಳೆಯಬೇಕೆಂಬುದು ತಿಳಿಯುತ್ತದೆ.