ಹಳೆ ಟ್ರ್ಯಾಕ್ಟರಿಗೆ ದೊಡ್ಡ ಟಯರು ಬೇಕೇ?

ಕುಂಬಳೆ, ಮಂಜೇಶ್ವರದ ಬೈಲು ಗದ್ದೆಗಳ ಕೆಸರಿನಲ್ಲಿ ಹಳೆ ಟ್ರ್ಯಾಕ್ಟರಿನ ಚಕ್ರ ಜಾರಿದರೆ ಹಿಂದಕ್ಕೆ ದೊಡ್ಡ ಟಯರು ಹಾಕಿಸುವ ಯೋಚನೆ ಬರುವುದು ಸಹಜ. 12.4-28 ಎಂದರೆ ಟಯರಿನ ಅಗಲ 12.4 ಇಂಚು, ರಿಮ್ಮಿನ ವ್ಯಾಸ 28 ಇಂಚು. ಅದರ ಬದಲಿಗೆ 13.6-28 ಹಾಕುವುದುಂಟು. ಆದರೆ ರಿಮ್ಮಿನ ಅಗಲ ಅದಕ್ಕೆ ಸಾಕೇ, ಟಯರು ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ಮೊದಲೇ ಅಳೆದು ನೋಡಿ.

ಚಕ್ರ ಎತ್ತರವಾದರೆ ಅದೇ ಗೇರಿನಲ್ಲಿ ವೇಗ ಹೆಚ್ಚುತ್ತದೆ, ಎಳೆಯುವ ಬಲ ಕುಗ್ಗುತ್ತದೆ, ಹಳೆ ಬ್ರೇಕಿಗೆ ಹೊರೆ ಏರುತ್ತದೆ. ಹೇರು ತುಂಬಿದ ಟ್ರೈಲರಿನೊಂದಿಗೆ ಮುರಕಲ್ಲಿನ ಗುಡ್ಡ ಇಳಿಯುವಾಗ ಇದು ಪ್ರಾಣಕ್ಕೇ ಅಪಾಯ.

ಒಣ ಉಳುಮೆಗೆ ಹಿಡಿತ ಸಾಲದಿದ್ದರೆ ಈಗಿರುವ ಟಯರಿಗೇ ನೀರು ತುಂಬಿಸಿ ಭಾರ ಹೆಚ್ಚಿಸಬಹುದು. ಕೆಸರು ಗದ್ದೆಗಾದರೆ ಕಬ್ಬಿಣದ ಕೇಜ್‌ವೀಲೇ ಮೇಲು. ಟಯರು ಬದಲಿಸಲೇಬೇಕಾದರೆ ಎರಡೂ ಬದಿಗೆ ಒಂದೇ ಅಳತೆಯದನ್ನು ಜೋಡಿಯಾಗಿ ಹಾಕಿಸಿ.